ಮೊದಲ ನೀರಿನ ದಾರಿ ಹುಡುಕು, ತಂಗಿ

ತಂಗಿ, ನೀ ಕೇಳಿದ್ದು ಎರಡು ಮಾತು. ಬೆಳಗಾವಿ ಬಿಟ್ಟು ಮ್ಯಾಂಚೆಸ್ಟರಿಗೆ ಬಂದು ಐದು ತಿಂಗಳಾತು, ಇಲ್ಲಿ ಬದುಕಿಗೆ ಹೆಂಗ ಹೊಂದಿಕೋಬೇಕು ಅನ್ನೋದು ಒಂದು. ಆಸ್ಪತ್ರಿ ರಾತ್ರಿ ಪಾಳಿಗೆ ಬಸ್ ಸಿಗೂದಿಲ್ಲಂತ 14 ವರ್ಷದ ಹಳೇ ಕಾರ್ ತಗೊಂಡೀನಿ, ದಿನಾ ಮುಂಜಾನೆ ಗಾಜಿನ ಒಳಮೈಗೆ ಮಂಜು ಕಟ್ಟಿರತೈತಿ, ಎಡಗಡೆ ಮುಂದಿನ ಸೀಟಿನ ಕಾಲಬುಡ ತೊಯ್ದಿರತೈತಿ, ಕಾರ್ಪೆಟ್ ಅಂಚು ಎತ್ತಿ ನೋಡಿದ್ರ ಕೆಂಪು ತುಕ್ಕು, ಮ್ಯಾಲ ರಬ್ಬರ್ ಮ್ಯಾಟ್ ಹಾಸಿದ್ರ ನಡೀತೈತೇನು ಅನ್ನೋದು ಇನ್ನೊಂದು. ಮೊದಲನೇದಕ್ಕ ಒಂದೇ ಪತ್ರದಾಗ ಉತ್ತರ ಹೇಳಾಕ ಆಗೂದಿಲ್ಲ. ಎರಡನೇದಕ್ಕ ಆಗತೈತಿ. ಮ್ಯಾಟ್ ಹಾಸಬ್ಯಾಡ.

ನಾ ಬಾಗಲಕೋಟಿಯವ. ನಮ್ಮಪ್ಪಂದೊಂದು ಹಳೇ ಜೀಪ್ ಇತ್ತು. ಮಳಿಗಾಲದಾಗ ಘಟಪ್ರಭಾ ದಂಡಿ ಹೊಲಕ್ಕ ಹೋಗಿ ಬಂದ್ರ ಒಳಗೆಲ್ಲಾ ರಾಡಿ, ನೀರು. ಅಪ್ಪ ತಳದ ರಬ್ಬರ್ ಬಿರಡಿ ಕಿತ್ತು, ನಾಕು ಕೊಡ ನೀರು ಸುರುವಿ ತೊಳದು, ಅಂಗಳದಾಗ ನಿಲ್ಲಿಸಿಬಿಡ್ತಿದ್ರು. ಬಿಸಲು ಬಿದ್ದ ದಿನ ಮಧ್ಯಾಹ್ನದೊಳಗ ತಳ ಒಣಗಿ ಬಿಡ್ತಿತ್ತು. ಆ ಬಿಸಲು ನಮಗ ಎಷ್ಟು ದುಡೀತಿತ್ತು ಅನ್ನೋದು ನನಗ ಇಲ್ಲಿಗೆ ಬಂದ ಮ್ಯಾಲೇ ತಿಳೀತು. ನೀ ಬೆಳಗಾವಿಯಾಕಿ, ಮಳಿ ನಿನಗೇನು ಹೊಸಾದಲ್ಲ. ವರ್ಷದ ಲೆಕ್ಕದಾಗ ಮ್ಯಾಂಚೆಸ್ಟರಿಗಿಂತ ಬೆಳಗಾವಿಗೇ ಮಳಿ ಹೆಚ್ಚು. ಆದ್ರ ಅಲ್ಲಿ ನಾಕು ತಿಂಗಳು ಹೊಡದು ಹೋಗತೈತಿ, ಆಮ್ಯಾಲ ಗ್ವಾಡಿ, ಅರಿವಿ, ಗಾಡಿ ಎಲ್ಲಾ ಒಣಗತಾವ. ಇಲ್ಲಿ ವರ್ಷವಿಡೀ ಸ್ವಲ್ಪ ಸ್ವಲ್ಪ ಬೀಳತೈತಿ, ಚಳಿಗಾಲದಾಗ ಒಮ್ಮೆ ತೊಯ್ದದ್ದು ತಾನಾಗಿ ಒಣಗೂದಿಲ್ಲ.

ನಾನೂ ನನ್ನ ಮೊದಲನೇ ಕಾರಿನಾಗ ನೀ ಮಾಡಬೇಕಂತಿದ್ದೆಲ್ಲಾ, ಅದನ್ನೇ ಮಾಡಿದ್ದೆ. ಪೇಪರ್ ಹಾಸಿ, ಮ್ಯಾಲ ಮ್ಯಾಟ್ ಹಾಕಿದೆ. ಕಾರ್ಪೆಟ್ ಮ್ಯಾಲ ಕೈಯಾಡಿಸಿದ್ರ ಒಣಗಿದಂಗ ಅನಸ್ತಿತ್ತು. ಆದ್ರ ಅದರ ಕೆಳಗ ದಪ್ಪನ್ನ ಫೋಮ್ ಇರತೈತಿ, ಅದು ಸ್ಪಂಜಿನಂಗ ನೀರು ಹಿಡಕೊಂಡು ತಗಡಿಗೆ ಅಂಟಿಕೊಂಡಿರತೈತಿ. ಮ್ಯಾಟ್ ಮ್ಯಾಲಿಂದ ಮುಚ್ಚಿದ್ರ ಆ ಹಸಿಗೆ ಹೊರಗ ಬರಾಕ ದಾರೀನ ಇಲ್ಲ. ಎರಡನೇ ವರ್ಷ ಎಂ.ಓ.ಟಿ.ಯೊಳಗ, ಅಂದ್ರ ಇಲ್ಲಿ ಹಳೇ ಗಾಡಿಗೆ ವರ್ಷಕ್ಕೊಮ್ಮೆ ಮಾಡಿಸಬೇಕಾದ ತಪಾಸಣಿಯೊಳಗ, ಫೇಲಾತು. ಸೀಟ್ ಬೆಲ್ಟ್ ಬೋಲ್ಟಿನ ಹತ್ರ ತಳಕ್ಕ ತೂತು ಬಿದ್ದಿತ್ತು. ಗಾಡಿಯ ಭಾರ ಹೊರೋ ಭಾಗದಾಗ, ಬೆಲ್ಟ್, ಸಸ್ಪೆನ್ಷನ್ ಇಂಥವು ಕೂಡೋ ಜಾಗದಿಂದ 30 ಸೆಂಟಿಮೀಟರ್ ಒಳಗ ಬಲಾ ಕಡಿಮಿ ಆಗೂವಷ್ಟು ತುಕ್ಕು ಇದ್ರ ಇಲ್ಲಿ ಪಾಸ್ ಮಾಡೂದಿಲ್ಲ. ಅದು ಛಲೋ ಕಾಯ್ದೆ. ಅಪಘಾತ ಆದ್ರ ನಮ್ಮನ್ನ ಹಿಡಿಯೋದು ಆ ಬೋಲ್ಟು, ಬೋಲ್ಟನ್ನ ಹಿಡಿಯೋದು ಆ ತಗಡು.

ಅದಕ್ಕ ಮೊದಲ ನೀರು ಎಲ್ಲಿಂದ ಬರತೈತಿ ನೋಡು, ತುಕ್ಕಿನ ಮಾತು ಆಮ್ಯಾಲ. ಮಾಳಗಿ ಮನಿ ಸೋರೋದು ನೋಡಿಯಲ್ಲ? ಮಣ್ಣು ಒಡದಿರೋದು ಪಡಸಾಲಿ ಮ್ಯಾಲ, ನೀರು ತೊಲಿ ಹಿಡಕೊಂಡು ಹೋಗಿ ತೊಟ್ಟಿಕ್ಕೋದು ಅಡಗಿಮನಿಯಾಗ. ಕಾರೂ ಹಂಗ. ತೊಯ್ದ ಜಾಗಾನೇ ಸೋರೋ ಜಾಗಾ ಅಂತ ತಿಳೀಬ್ಯಾಡ.

ನಿನ್ನ ಕಾರಿನಾಗ ಮೊದಲ ನೋಡೋದು ಮುಂದಿನ ಗಾಜಿನ ಬುಡ, ವೈಪರ್ ಇರೋ ಗಟಾರ. ಅಲ್ಲಿ ಎಲಿ ಕೊಳತು ತೂತು ಮುಚ್ಚಿದ್ರ ನೀರು ತುಂಬಿ ಗಾಳಿ ಬರೋ ದಾರಿಯಿಂದ ಕಾಲಬುಡಕ್ಕ ಇಳೀತೈತಿ. ಆಮ್ಯಾಲ ಬಾಗಿಲ. ಗಾಜಿನ ಸಂದಿಯಿಂದ ಬಾಗಿಲದೊಳಗ ನೀರು ಇಳಿಯೋದು ಸಹಜ, ಕೆಳಗಿನ ಸಣ್ಣ ತೂತಿನಿಂದ ಅದು ಹೊರಗ ಹೋಗಬೇಕು. ಆ ತೂತು ಕಟ್ಟಿದ್ರ, ಇಲ್ಲಾ ಒಳಗಿನ ಪ್ಲಾಸ್ಟಿಕ್ ಹಾಳಿಯ ಅಂಟು ಬಿಟ್ಟಿದ್ರ, ನೀರು ಕಾರ್ಪೆಟ್ಟಿಗೆ ಬರತೈತಿ. ಸನ್‌ರೂಫ್ ಇದ್ರ ಅದರ ಮೂಲಿಯೊಳಗಿನ ನಳಗಿ ನೋಡು. ತೆಳ್ಳನ್ನ ನೈಲಾನ್ ತಂತಿ ಹಾಕಿ ಬಿಡಿಸು, ಪಂಪಿನ ಗಾಳಿ ಜೋರಾಗಿ ಊದಬ್ಯಾಡ, ನಳಗಿ ಕೀಲು ಕಳಚಿ ಮನಿಯಾಗೇ ನೀರು ಬಿಟ್ಟಂಗ ಆಗತೈತಿ. ಮಳಿ ಇಲ್ಲದ ದಿನ ಏಸಿ ಹಾಕಿದಾಗಷ್ಟೇ ತೊಯ್ದ್ರ ಏಸಿ ನೀರಿನ ನಳಗಿ ಕಟ್ಟೈತಿ. ನೀರು ಜಿಗಟಾಗಿ, ಸಿಹಿ ವಾಸನಿ ಹೊಡದು, ಗಾಜಿಗೆ ಎಣ್ಣಿ ಪಸಿ ಕೂತಂಗ ಇದ್ರ ಅದು ಮಳಿ ನೀರಲ್ಲ, ಹೀಟರಿನ ಕೂಲಂಟ್, ಅಂದ್ರ ಎಂಜಿನ್ ತಣ್ಣಗಿಡೋ ದ್ರವ. ಅದು ವಿಷ, ಎಂಜಿನ್ನಿಗೂ ಅಪಾಯ. ಅವತ್ತೇ ಗ್ಯಾರೇಜಿಗೆ ಹೋಗು.

ದಾರಿ ಮುಚ್ಚಿದ ಮ್ಯಾಲ ಒಣಗಿಸೋದು. ಕಾರ್ಪೆಟ್ ಎತ್ತಬೇಕಂದ್ರ ಸೀಟು ಬಿಚ್ಚಬೇಕು. ಸೀಟಿನ ಕೆಳಗ ಹಳದಿ ಕನೆಕ್ಟರ್ ಇದ್ರ ಅದು ಏರ್‌ಬ್ಯಾಗಿಂದು. ಬ್ಯಾಟರಿ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಮುಟ್ಟು, ಧೈರ್ಯ ಇಲ್ಲಂದ್ರ ತಿಳದವರ ಕೈಲೇ ಬಿಚ್ಚಿಸು. ಫೋಮ್ ಹೊರಗ ತೆಗೆದು ಮನಿಯೊಳಗ ಫ್ಯಾನಿನ ಮುಂದ ನಿಲ್ಲಿಸು, ಗಾಳಿಯ ಹಸಿ ಎಳಿಯೋ ಯಂತ್ರ, ಡಿಹ್ಯುಮಿಡಿಫೈಯರ್, ಇದ್ರ ಇನ್ನೂ ಛಲೋ. ದಿನಗಟ್ಟಲೆ ಹಿಡೀತೈತಿ, ಅವಸರ ಮಾಡಬ್ಯಾಡ. ದಿನಾ ಓಡಿಸುವಾಗ ಗಾಳಿ ಒಳಗೇ ತಿರಗೋ ಬಟನ್ ಬಂದ್ ಮಾಡಿ, ಹೀಟರ್ ಜೋಡಿ ಏಸಿನೂ ಹಾಕು. ಚಳ್ಯಾಗ ಏಸಿ ಯಾಕಂತ ಕೇಳಬ್ಯಾಡ, ಗಾಳಿಯೊಳಗಿನ ಹಸಿ ಎಳಿಯೋದು ಅದೇ. (ಮನಿಯಾಗೂ ಇದೇ ಮಾತು. ತೊಯ್ದ ಅರಿವಿ ಮಲಗೋ ಖೋಲಿಯೊಳಗ ಒಣಗಿಸಿದ್ರ ಗ್ವಾಡಿಗೆ ಕರೀ ಬೂಷ್ಟು ಬರತೈತಿ, ಕಿಡಕಿ ಸ್ವಲ್ಪ ತೆಗದಿಡು.)

ಇನ್ನ ತುಕ್ಕು. ಸ್ಕ್ರೂ ಡ್ರೈವರ್ ಹಿಡಿಕಿಯಿಂದ ತಗಡು ಬಡದು ನೋಡು. ಖಣ್ ಅಂದ್ರ ಜೀವ ಐತಿ, ಡಬ್ ಅಂದ್ರ ಅನುಮಾನ. ತುದಿ ಚುಚ್ಚಿದಾಗ ಒಳಗ ಹೋತಂದ್ರ ಬೆಸಗಿ (ವೆಲ್ಡಿಂಗ್) ಬೇಕೇಬೇಕು. ಬರೇ ಮ್ಯಾಲಿನ ಕೆಂಪು ಇದ್ರ ತಂತಿ ಬ್ರಶ್‌ಲೇ ಹೊಳಿಯೂತನಕ ತಿಕ್ಕಿ, ತುಕ್ಕು ತಡಿಯೋ ದ್ರಾವಣ ಹಚ್ಚಿ, ಪ್ರೈಮರ್, ಜೋಡಣಿ ಸಂದಿಗೆ ಸೀಲರ್, ಆಮ್ಯಾಲ ಬಣ್ಣ. ತೂತಿಗೆ ಫೈಬರ್ ಲಪ್ಪ ಬಡಿಯೋ ಮಾತು ಯಾರಾದ್ರೂ ಆಡಿದ್ರ ಎದ್ದು ಬಾ. ಭಾರ ಹೊರೋ ಭಾಗಕ್ಕ ಹೊಸ ತಗಡಿನ ತುಂಡು ಇಟ್ಟು ಸುತ್ತಲೂ ಬಿಡದಂಗ ಬೆಸಗಿ ಹಾಕಬೇಕು. ಬೆಸಗಿ ಶಾಖಕ್ಕ ತಗಡಿನ ಹಿಂಬದಿ ಬಣ್ಣ ಸುಟ್ಟಿರತೈತಿ, ಒಳಗಿಂದ ಮತ್ತ ಬಣ್ಣ, ಮೇಣ ಹಚ್ಚದಿದ್ರ ತುಕ್ಕು ಅಲ್ಲಿಂದಲೇ ಮತ್ತ ಶುರು.

ಕೆಳಗಿಂದ ಬರೋದು ಉಪ್ಪು. ಚಳಿಗಾಲದಾಗ ರಸ್ತೆ ಹೆಪ್ಪುಗಟ್ಟಬಾರದಂತ ಇಲ್ಲಿ ಕಲ್ಲುಪ್ಪು ಚೆಲ್ಲತಾರ. ಉಪ್ಪಿನಕಾಯಿ ಭರಣಿಯಾಗ ಕಬ್ಬಿಣದ ಚಮಚಾ ಬಿಡಬ್ಯಾಡಂತ ಅವ್ವ ಬೈತಿದ್ಲಲ್ಲ, ಕಾರಣ ಅದೇ. ಚಳಿ ಕಳದ ಮ್ಯಾಲ ಗಾಲಿ ಗೂಡು, ತಳ ಎಲ್ಲಾ ಪೈಪ್ ಹಿಡದು ತೊಳಿ. ತುಕ್ಕಿನ ಮ್ಯಾಲೇ ದಪ್ಪ ಕರೀ ಲೇಪ ಹೊಡಸಬ್ಯಾಡ, ನನಗ ಕಾರ್ ಮಾರಿದಾವ ಅದನ್ನೇ ಮಾಡಿದ್ದ, ಅದರಡಿ ಹಸಿ ಕೂತು ತಗಡು ತಿಂದಿತ್ತು.

ಇವತ್ತೇ ಒಂದು ಕೆಲಸ ಮಾಡು. ಸರಕಾರದ ವೆಬ್‌ಸೈಟಿನಾಗ ನಿನ್ನ ಗಾಡಿ ನಂಬರ್ ಹಾಕಿದ್ರ ಹಳೇ ಎಂ.ಓ.ಟಿ. ಎಲ್ಲಾ ಪುಕ್ಕಟೆ ಕಾಣತಾವ. ಹಿಂದಿನ ವರ್ಷಗಳೊಳಗ ತುಕ್ಕಿನ ಬಗ್ಗೆ ಎಚ್ಚರಿಕಿ ಬರದಾರೇನು ಓದಿ ನನಗ ಕಳಸು. ಈ ಶನಿವಾರ ಪಾಳಿ ಇಲ್ಲಂದ್ರ ನಾ ಇರೋ ಲೀಡ್ಸಿಗೆ ಬಾ. ನೀ ಒಳಗ ಟಾರ್ಚ್ ಹಿಡಕೊಂಡು ಕೂಡು, ನಾ ಕೆಳಗಿಂದ ಶುರು ಮಾಡಿ ಮ್ಯಾಲಕ್ಕ ಒಂದೊಂದೇ ಸಂದಿಗೆ ಪೈಪಿನ ನೀರು ಬಿಡತೀನಿ. ಎಲ್ಲಿ ಹನಿ ಕಂಡಿತೋ ಅಲ್ಲಿ ಕೂಗು.