ವೈಫೈ ಕನೆಕ್ಟ್ ಇದೆ, ಫೋನ್‌ನಲ್ಲಿ ನೆಟ್ ಬರ್ತಿದೆ, ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಸೈಟ್ ಓಪನ್ ಆಗ್ತಿಲ್ಲ, ಡಿಎನ್ಎಸ್ ಎರರ್ ಅಂತಿದೆ. ಏನ್ ಮಾಡ್ಲಿ?

ರೌಟರ್ ಆಫ್ ಆನ್ ಮಾಡಿದ್ರೂ ಸರಿ ಹೋಗ್ಲಿಲ್ಲ, ಫ್ಯಾಕ್ಟರಿ ರೀಸೆಟ್ ಮಾಡ್ಲಾ ಅಂತ ಕೇಳಿದೀರಿ. ದಯವಿಟ್ಟು ಬೇಡ. ಫೋನ್ ಅದೇ ವೈಫೈನಲ್ಲಿ ಓಡ್ತಿದ್ರೆ (ಮೊಬೈಲ್ ಡೇಟಾ ಆಫ್ ಮಾಡಿ ಒಂದ್ಸಲ ನೋಡಿ) ತೊಂದ್ರೆ ಇರೋದು ಬಹುಪಾಲು ಲ್ಯಾಪ್‌ಟಾಪ್ ಒಳಗೇ, ರೀಸೆಟ್ ಮಾಡಿದ್ರೆ ಇರೋ ಸೆಟ್ಟಿಂಗೂ ಹೋಗುತ್ತೆ ಅಷ್ಟೇ.

ವಿಂಡೋಸ್ ಅಂದಿದೀರಲ್ಲ, ಕಮಾಂಡ್ ಪ್ರಾಂಪ್ಟ್ ಓಪನ್ ಮಾಡಿ, ಪಿಂಗ್ (ping) 8.8.8.8 ಅಂತ ಹೊಡೀರಿ, ಅದು ಗೂಗಲ್ ಸರ್ವರ್ ಅಡ್ರೆಸ್ (ಕಮಾಂಡ್ ಎಲ್ಲಾ ಇಂಗ್ಲಿಷ್ ಅಕ್ಷರದಲ್ಲೇ). ರಿಪ್ಲೈ ಬಂದ್ರೆ ನೆಟ್ ಇದೆ, ಸೈಟ್ ಹೆಸರಿಂದ ಅದರ ನಂಬರ್ ಅಡ್ರೆಸ್ ಹುಡುಕೋ ಕೆಲಸ (ಅದೇ ಡಿಎನ್ಎಸ್) ಒಂದೇ ಕೆಟ್ಟಿದೆ ಅಂತ ಅರ್ಥ.

ಆಮೇಲೆ ಎನ್ಎಸ್‌ಲುಕಪ್ (nslookup) ಅಂತ ಹೊಡೆದು ಸ್ಪೇಸ್ ಕೊಟ್ಟು ವಿಕಿಪೀಡಿಯ ಡಾಟ್ ಆರ್ಗ್ (wikipedia.org) ಹಾಕಿ, ಅದೇ ಹೆಸರನ್ನ ಪಿಂಗ್‌ನಲ್ಲೂ ಹಾಕಿ. ಈ ಎರಡನ್ನೂ ಮಾಡ್ಲೇಬೇಕು, ಯಾಕಂದ್ರೆ ಎನ್ಎಸ್‌ಲುಕಪ್ ಸೀದಾ ಡಿಎನ್ಎಸ್ ಸರ್ವರ್‌ನ ಕೇಳುತ್ತೆ, ವಿಂಡೋಸ್‌ನ ಕ್ಯಾಶೆನೂ (ಹಿಂದೆ ಹುಡುಕಿದ ಅಡ್ರೆಸ್ ಇಟ್ಕೊಂಡಿರೋ ಜಾಗ) ನೋಡಲ್ಲ ಹೋಸ್ಟ್ಸ್ ಫೈಲನ್ನೂ (ಹೆಸರಿಗೆ ಅಡ್ರೆಸ್ ಬರೆದಿಡೋ ಫೈಲ್) ನೋಡಲ್ಲ, ಪಿಂಗ್ ಆದ್ರೆ ವಿಂಡೋಸ್ ಹೇಳಿದ್ದನ್ನ ಕೇಳುತ್ತೆ. ಎಷ್ಟೋ ಜನ ಎನ್ಎಸ್‌ಲುಕಪ್ ಒಂದು ನೋಡಿ ಡಿಎನ್ಎಸ್ ಸರಿಯಾಗೇ ಇದೆ ಅಂತ ಬಿಟ್ಬಿಡ್ತಾರೆ, ನಿಜವಾದ ಕಾರಣ ಅಲ್ಲೇ ತಪ್ಪಿಸ್ಕೊಳ್ಳುತ್ತೆ.

ಎನ್ಎಸ್‌ಲುಕಪ್ ಸರಿಯಾಗಿ ಉತ್ತರ ಕೊಟ್ಟು ಪಿಂಗ್ ಮಾತ್ರ ಹೋಸ್ಟ್ ಸಿಗ್ಲಿಲ್ಲ ಅಂದ್ರೆ ಅಥವಾ ಬೇರೆ ಅಡ್ರೆಸ್ ತೋರಿಸಿದ್ರೆ, ಐಪಿಕಾನ್ಫಿಗ್ /ಫ್ಲಶ್‌ಡಿಎನ್ಎಸ್ (ipconfig /flushdns) ಹೊಡೀರಿ, ಕ್ಯಾಶೆ ಖಾಲಿಯಾಗುತ್ತೆ ಅಷ್ಟೇ, ಏನೂ ಹಾಳಾಗಲ್ಲ. ಆಮೇಲೂ ಹಾಗೇ ಇದ್ರೆ ವಿಂಡೋಸ್ ಫೋಲ್ಡರ್‌ನಲ್ಲಿ ಸಿಸ್ಟಂ32, ಡ್ರೈವರ್ಸ್, ಇಟಿಸಿ ಒಳಗಿರೋ ಹೋಸ್ಟ್ಸ್ ಫೈಲ್ ನೋಟ್‌ಪ್ಯಾಡ್‌ನಲ್ಲಿ ತೆಗೆದು ನೋಡಿ. 1983ರಲ್ಲಿ ಡಿಎನ್ಎಸ್ ಬರೋ ಮುಂಚೆ ನೆಟ್‌ವರ್ಕ್‌ನಲ್ಲಿದ್ದ ಕಂಪ್ಯೂಟರ್‌ಗಳ ಹೆಸರೆಲ್ಲ ಒಂದೇ ಫೈಲ್‌ನಲ್ಲಿ ಇರ್ತಿತ್ತು, ಎಲ್ರೂ ಅದನ್ನೇ ಕಾಪಿ ಮಾಡ್ಕೊಳ್ತಿದ್ರು, ಇದು ಆ ಕಾಲದ ಪಳೆಯುಳಿಕೆ, ಆದ್ರೂ ಇದ್ರಲ್ಲಿ ಬರೆದಿದ್ದಕ್ಕೆ ಇವತ್ತಿಗೂ ಸರ್ವರ್‌ಗಿಂತ ಮೊದ್ಲ ಮರ್ಯಾದೆ. ಹ್ಯಾಶ್ (#) ಗುರುತಿಲ್ಲದ ಸಾಲಲ್ಲಿ ನಿಮಗೆ ಬೇಕಾದ ಸೈಟ್ ಹೆಸರಿದ್ರೆ ಕಳ್ಳ ಸಿಕ್ಕಂಗೇ.

ಎನ್ಎಸ್‌ಲುಕಪ್ಪೇ ಟೈಮ್ಡ್ ಔಟ್ (ಸರ್ವರ್ ಉತ್ತರನೇ ಕೊಡ್ಲಿಲ್ಲ) ಅಂದ್ರೆ, ಮೇಲೆ ಅದು ತೋರಿಸೋ ಸರ್ವರ್ ಅಡ್ರೆಸ್ ನೋಡಿ. 127.0.0.1 (ಅಂದ್ರೆ ಲ್ಯಾಪ್‌ಟಾಪ್ ತಾನೇ) ಅಥವಾ ನಿಮ್ಮ ರೌಟರಿಗೆ ಸಂಬಂಧನೇ ಇಲ್ಲದ ಏನೋ ಒಂದು ನಂಬರ್ ಇದ್ರೆ, ಹಿಂದೆ ಹಾಕಿ ತೆಗೆದ ವಿಪಿಎನ್ನೋ ಆಡ್ ಬ್ಲಾಕರ್ರೋ ತನ್ನ ಸೆಟ್ಟಿಂಗ್ ಬಿಟ್ಟು ಹೋಗಿರುತ್ತೆ, ನಾನು ನೋಡಿದ ಕೇಸ್‌ಗಳಲ್ಲಿ ಇದೇ ಜಾಸ್ತಿ. ಅಡಾಪ್ಟರ್‌ನ ಐಪಿವಿ4 ಪ್ರಾಪರ್ಟೀಸ್‌ಗೆ ಹೋಗಿ ಡಿಎನ್ಎಸ್ ಆಟೋಮ್ಯಾಟಿಕ್‌ಗೆ ಹಾಕಿ. ಐಪಿವಿ6ನಲ್ಲೂ ನೋಡಿ (ಐಪಿವಿ4 ಹಳೇ ಥರದ ನೆಟ್ ಅಡ್ರೆಸ್, ಐಪಿವಿ6 ಹೊಸ ಥರದ್ದು), ಇದನ್ನ ತುಂಬಾ ಜನ ಮರೀತಾರೆ, ಐಪಿವಿ4ನಲ್ಲಿ ಬದಲಾಯಿಸಿದ್ರೂ ಐಪಿವಿ6ದು ಹಳೇದೇ ಉಳಿದಿರುತ್ತೆ, ಐಪಿಕಾನ್ಫಿಗ್ /ಆಲ್ (ipconfig /all) ಹೊಡೆದ್ರೆ ಎರಡೂ ಕಾಣುತ್ತೆ.

ಅಡ್ರೆಸ್ ರೌಟರ್‌ದೇ ಆಗಿದ್ರೆ ಎನ್ಎಸ್‌ಲುಕಪ್ ಹೆಸರಿನ ಕೊನೇಲಿ ಸ್ಪೇಸ್ ಕೊಟ್ಟು 1.1.1.1 ಸೇರಿಸಿ ಹೊಡೀರಿ. ಅದು ಕ್ಲೌಡ್‌ಫ್ಲೇರ್ ಕಂಪನಿಯ ಡಿಎನ್ಎಸ್ ಸರ್ವರ್. ಇದಕ್ಕೆ ಉತ್ತರ ಬಂದ್ರೆ ಲ್ಯಾಪ್‌ಟಾಪ್‌ಗೆ ಇದನ್ನೇ ಡಿಎನ್ಎಸ್ ಆಗಿ ಕೊಡಿ. ಬರದಿದ್ರೆ ಆಂಟಿವೈರಸ್ ಅಥವಾ ಫೈರ್‌ವಾಲ್ ಪೋರ್ಟ್ 53 (ಡಿಎನ್ಎಸ್ ಪ್ರಶ್ನೆ ಹೋಗೋ ದಾರಿ) ತಡೀತಿದೆಯಾ ಅಂತ ಅನುಮಾನ ಪಡಿ, ಸ್ವಲ್ಪ ಹೊತ್ತು ಆಫ್ ಮಾಡಿ ನೋಡಿ ವಾಪಸ್ ಆನ್ ಮಾಡಿ.

ಇನ್ನೊಂದು, ನಾನ್ ಎಕ್ಸಿಸ್ಟೆಂಟ್ ಡೊಮೇನ್ ಅಂತ ಬಂದ್ರೆ ಅದು ಟೈಮ್ಡ್ ಔಟ್ ಥರ ಅಲ್ಲ, ಸರ್ವರ್ ಸಿಕ್ಕಿ ಉತ್ತರನೂ ಕೊಟ್ಟಿದೆ, ಆ ಹೆಸರೇ ಇಲ್ಲ ಅಂತಿದೆ. ಮೊದ್ಲು ಸ್ಪೆಲ್ಲಿಂಗ್ ನೋಡ್ಕೊಳ್ಳಿ.

ಪಿಂಗ್, ಎನ್ಎಸ್‌ಲುಕಪ್ ಎರಡೂ ಸರಿ ಇದ್ದು ಬ್ರೌಸರ್ ಮಾತ್ರ ತಕರಾರು ಮಾಡಿದ್ರೆ ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸೆಕ್ಯೂರ್ ಡಿಎನ್ಎಸ್ ಆಫ್ ಮಾಡಿ ನೋಡಿ, ಫೈರ್‌ಫಾಕ್ಸ್‌ನಲ್ಲೂ ಇದೆ. ಅದು ವಿಂಡೋಸ್‌ನ ಬಿಟ್ಟು ತನ್ನದೇ ದಾರೀಲಿ ಎಚ್‌ಟಿಟಿಪಿಎಸ್ ಮೇಲೆ ಕೇಳುತ್ತೆ, ಲ್ಯಾಪ್‌ಟಾಪ್ ತಾರೀಖು ತಪ್ಪಿದ್ರೂ ಸರ್ಟಿಫಿಕೇಟ್ ಒಪ್ಪದೆ ನಿಂತುಬಿಡುತ್ತೆ.

ಒಂದ್ಸಲಕ್ಕೆ ಒಂದೇ ಬದಲಾವಣೆ ಮಾಡಿ. ಆಗದಿದ್ರೆ ಎನ್ಎಸ್‌ಲುಕಪ್ ಮತ್ತೆ ಪಿಂಗ್ ಏನ್ ಹೇಳ್ತು ಅಂತ ಎರಡನ್ನೂ ಹಾಗೇ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.