ಹಾಟ್ ಟಬ್‌ನಲ್ಲಿ ಎಫ್‌ಎಲ್‌ಒ ಅಂತ ಬರ್ತಿದೆ, ಪ್ರೆಶರ್ ಸ್ವಿಚ್ಚಿನ ವೈರ್ ನೇರ ಜೋಡಿಸಬಹುದಾ? ಇಲ್ಲಾ ಹೊಸ ಸೆನ್ಸರ್ ತರಬೇಕಾ?

ಎರಡೂ ಬೇಡ. ಎಫ್‌ಎಲ್‌ಒ ಅಂದ್ರೆ ಹೀಟರ್‌ನಲ್ಲಿ ನೀರಿನ ಹರಿವು (ಫ್ಲೋ) ಸಾಲದು ಅನ್ನುವ ಕೋಡ್. ಆ ವೈರ್ ಅಂತೂ ಮುಟ್ಟಲೇಬೇಡಿ. ನಾನು ಮುಟ್ಟಿ ಕೆಟ್ಟವನು.

ನಾವಿರುವುದು ಮಿನಿಯಾಪೊಲಿಸ್ ಹತ್ತಿರ. ಮನೆ ಕೊಂಡಾಗ ಹಿತ್ತಲಲ್ಲಿ ಒಂದು ಹಳೇ ಟಬ್ಬೂ ಸಿಕ್ಕಿತು. ಜನವರಿಯ ಒಂದು ರಾತ್ರಿ ಇದೇ ಎಫ್‌ಎಲ್‌ಒ ತೋರಿಸಿ ಹೀಟರ್ ನಿಂತಿತು. ಪಂಪ್ ಓಡ್ತಾ ಇದೆ, ಜೆಟ್‌ನಲ್ಲಿ ನೀರೂ ಬರ್ತಿದೆ. ಹಾಗಾದ್ರೆ ಸ್ವಿಚ್ಚೇ ಸುಳ್ಳು ಹೇಳ್ತಿದೆ ಅಂದುಕೊಂಡೆ. ಎರಡು ವೈರ್ ಕಿತ್ತು, ತುದಿ ಸೇರಿಸಿ ಟೇಪ್ ಸುತ್ತಿದೆ. ಹೀಟರ್ ಹತ್ತಿತು. ದೊಡ್ಡ ಇಂಜಿನಿಯರ್ ಥರ ಹೋಗಿ ಮಲಗಿದೆ.

ಆ ಸ್ವಿಚ್ಚು ಬಿಸಿ ನೋಡುವುದೇ ಇಲ್ಲ. ಹೀಟರ್ ಕೊಳವೆಯಲ್ಲಿ ನೀರಿನ ಒತ್ತಡ ಇದೆಯಾ ಅಂತ ಮಾತ್ರ ನೋಡುತ್ತದೆ. ಬಿಸಿ ನೋಡಲು ಬೇರೆ ಎರಡು ಥರ್ಮಿಸ್ಟರ್ ಇರುತ್ತವೆ. ನೀರು ಬಿಸಿಯಾದಷ್ಟೂ ಅವುಗಳ ರೆಸಿಸ್ಟೆನ್ಸ್ ಇಳಿಯುತ್ತದೆ, ಬೋರ್ಡ್ ಅದರಿಂದ ಡಿಗ್ರಿ ಲೆಕ್ಕ ಹಾಕುತ್ತದೆ. ಒಂದು, ನೀವಿಟ್ಟ ಡಿಗ್ರಿಗೆ ಹೀಟರ್ ಹಚ್ಚಿ ಆರಿಸಲು. 104 ಫ್ಯಾರನ್‌ಹೀಟ್, ಅಂದ್ರೆ 40 ಸೆಲ್ಸಿಯಸ್, ಅಲ್ಲಿಗೆ ಮಿತಿ. ಇನ್ನೊಂದು ಹೈ ಲಿಮಿಟ್. 118 ಫ್ಯಾರನ್‌ಹೀಟ್ ಆಸುಪಾಸು ಮುಟ್ಟಿದರೆ ಎಲ್ಲಾ ಬಂದ್.

ಹೈ ಲಿಮಿಟ್ ಇದೆಯಲ್ಲ, ಇನ್ನೇನು ಭಯ ಅಂತ ನನಗೂ ಅನ್ನಿಸಿತ್ತು. ಎಡವಿದ್ದೇ ಅಲ್ಲಿ. ನಮ್ಮ ಫಿಲ್ಟರ್ ತುಂಬಾ ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಲೋಷನ್ನು ಮೆತ್ತಿಕೊಂಡಿತ್ತು. ನೀರು ಸಾಲದೆ ಪಂಪ್ ಗಾಳಿ ಎಳೆಯಿತು. ಕೊಳವೆಯ ಮೇಲ್ಭಾಗದಲ್ಲಿ ಗಾಳಿ ನಿಂತು ಕಾಯಿಲ್ ಅರ್ಧ ಒಣಗಿತು. ಹೈ ಲಿಮಿಟ್ ಸೆನ್ಸರ್ ಕೂತಿದ್ದು ಕೆಳಗಿನ ನೀರಿನಲ್ಲಿ, ಅದಕ್ಕೆ ಎಲ್ಲಾ ಸರಿಯಾಗೇ ಕಂಡಿತು! ನೀರಿಲ್ಲದ ಹಂಡೆಗೆ ಉರಿ ಹಾಕಿದ ಹಾಗೆ. ಈ ಗಾಳಿಯ ವಿಷಯ ಹಿಡಿಯಬೇಕಾದದ್ದು ಪ್ರೆಶರ್ ಸ್ವಿಚ್ಚು. ಅದರ ಬಾಯಿಗೆ ನಾನೇ ಟೇಪ್ ಹಾಕಿದ್ದೆ.

ಕಾಯಿಲ್ ಸುಟ್ಟು ಬಿರುಕು ಬಿಟ್ಟಿತು. ಕರೆಂಟ್ ಸೋರಿದ್ದೇ ತಡ, ಜಿಎಫ್‌ಸಿಐ ಬ್ರೇಕರ್ ಟ್ರಿಪ್ ಆಯಿತು. ಸುಮಾರು 5 ಮಿಲಿಆಂಪ್ ಸೋರಿದರೂ ಬೀಳುವಂಥದ್ದು ಅದು, ಜೀವ ಉಳಿಸುವುದು ಅದೇ. ಆದರೆ ಅದು ಬಿದ್ದ ಮೇಲೆ ಪಂಪೂ ಇಲ್ಲ, ನೀರು ಹೆಪ್ಪುಗಟ್ಟದಂತೆ ಪಂಪ್ ಓಡಿಸುವ ಏರ್ಪಾಡೂ ಇಲ್ಲ. ಹೊರಗೆ ಮೈನಸ್ 25 ಸೆಲ್ಸಿಯಸ್. ನಾವು ಶನಿವಾರ, ಭಾನುವಾರ ಶಿಕಾಗೋದಲ್ಲಿ.

ವಾಪಸ್ ಬಂದು ಪಕ್ಕದ ಹಲಗೆ ಬಿಚ್ಚಿದರೆ ಪೈಪುಗಳು ಉದ್ದಕ್ಕೂ ಸೀಳಿದ್ದವು. ಹೆಂಡತಿ ಟಾರ್ಚ್ ಹಿಡಿದವಳು ಟೇಪ್ ಸುತ್ತಿದ ಆ ವೈರ್ ನೋಡಿ, "ಇದೇನ್ರೀ?" ಅಂದಳು. ನಾನು ಸುಮ್ನೆ ಪೈಪ್ ಎಣಿಸುತ್ತಿದ್ದೆ.

ಸೆನ್ಸರ್‌ಗೆ ದುಡ್ಡು ಹಾಕುವ ಮೊದಲು ಫಿಲ್ಟರ್ ಹೊರಗೆ ತೆಗೆದು ಪಂಪ್ ಸ್ವಲ್ಪ ಹೊತ್ತು ಓಡಿಸಿ. ಆ ಹೊತ್ತಿನಲ್ಲಿ ಟಬ್‌ಗೆ ಯಾರೂ ಇಳಿಯಬಾರದು. ಕೋಡ್ ಹೋದರೆ ಕಳ್ಳ ಸಿಕ್ಕಿದ. ಹೋಗದಿದ್ದರೆ ನೀರಿನ ಮಟ್ಟ, ಅರ್ಧ ಮುಚ್ಚಿದ ವಾಲ್ವ್, ಪೈಪಿನ ಗಾಳಿ, ಈ ಮೂರು ನೋಡಿ. ಆಮೇಲೂ ಬಂದರೆ ಬ್ರೇಕರ್ ಆಫ್ ಮಾಡಿ ರಿಪೇರಿಯವರನ್ನು ಕರೆಸಿ. ಫಿಲ್ಟರ್ ಕೊನೇ ಸಲ ತೊಳೆದದ್ದು ಯಾವಾಗ ಅಂತ ನೀವು ಬರೆದೇ ಇಲ್ಲ, ಅಲ್ವಾ?