ರಿಪೇರಿಗೆ ನಿಂತ ಅಣುಸ್ಥಾವರದಲ್ಲಿ ಹೈಡ್ರೋಜನ್ ಅಪಾಯ ಇರುವುದು ಎಲ್ಲಿ?

ಕೈಗಾದಂಥ ಸ್ಥಾವರವನ್ನು ರಿಪೇರಿಗೆ ನಿಲ್ಲಿಸಿದಾಗ ಫುಕುಶಿಮಾ ಥರ ಹೈಡ್ರೋಜನ್ ಸ್ಫೋಟ ಆಗಬಹುದೇ ಎಂದು ಕೇಳಿದ್ದೀರಿ. 2011ರಲ್ಲಿ ಅಲ್ಲಿ ಸಿಡಿದದ್ದು, ತಂಪು ಸಿಗದೆ ಕಾದ ಇಂಧನ ಕಡ್ಡಿಗಳ ಜಿರ್ಕೋನಿಯಂ ಲೋಹದ ಕವಚ ಹಬೆಯೊಡನೆ ವರ್ತಿಸಿ ಹುಟ್ಟಿದ ಹೈಡ್ರೋಜನ್. ಅದರ ದಾರಿಯೇ ಬೇರೆ. ಶಟ್‌ಡೌನ್ ಕೆಲಸದಲ್ಲಿ ನಾನು ಮೊದಲು ಬೆರಳು ತೋರಿಸುವುದು ಟರ್ಬೈನ್ ಕಟ್ಟಡದ ಜನರೇಟರ್ ಕಡೆಗೆ. ಅದನ್ನು ತಂಪಾಗಿಡುವುದೇ ಒತ್ತಡದಲ್ಲಿ ತುಂಬಿದ ಹೈಡ್ರೋಜನ್. 1993ರ ಮಾರ್ಚ್ 31ರಂದು ಉತ್ತರ ಪ್ರದೇಶದ ನರೋರಾ ಅಣುಸ್ಥಾವರದಲ್ಲಿ ಟರ್ಬೈನ್ ಬ್ಲೇಡ್ ಮುರಿದು, ಕಂಪನಕ್ಕೆ ಜನರೇಟರ್ ಸೀಲ್ ಹಾಳಾಗಿ ಸೋರಿದ ಹೈಡ್ರೋಜನ್ ಹೊತ್ತಿಕೊಂಡಿತು. ಆ ಬೆಂಕಿ ಕೇಬಲ್‌ಗಳನ್ನು ಸುಟ್ಟು ಇಡೀ ಘಟಕವನ್ನೇ ಕತ್ತಲಿಗೆ ತಳ್ಳಿತು. ಅದು ಓಡುತ್ತಿದ್ದ ಯಂತ್ರ. ರಿಪೇರಿಯಲ್ಲಾದರೆ ಅದೇ ಅನಿಲವನ್ನು ನಾವೇ ಕೈಯಾರೆ ಹೊರಗೆ ಬಿಡುತ್ತೇವೆ.

ಜನರೇಟರಿನ ಹೈಡ್ರೋಜನ್ ಶೇ. 98 ಶುದ್ಧವಿದ್ದಾಗ ಒಳಗೆ ಹೊತ್ತಿಕೊಳ್ಳುವಷ್ಟು ಆಮ್ಲಜನಕ ಇರುವುದಿಲ್ಲ. ಗಾಳಿಯಲ್ಲಿ ಶೇ. 4ರಿಂದ 75ರ ನಡುವೆ ಹೈಡ್ರೋಜನ್ ಇದ್ದರೆ ಕಣ್ಣಿಗೆ ಕಾಣದ ಸ್ಥಾಯಿ ವಿದ್ಯುತ್ ಕಿಡಿಯೂ ಸಾಕು. ಅದಕ್ಕೇ ಹೈಡ್ರೋಜನ್ ಇರುವಲ್ಲಿಗೆ ನೇರವಾಗಿ ಗಾಳಿ ಬಿಡಕೂಡದು. ಮೊದಲು ಒತ್ತಡ ಇಳಿಸಿ, ಕಾರ್ಬನ್ ಡೈಆಕ್ಸೈಡನ್ನು ಕೆಳಗಿನಿಂದ ತುಂಬಿ, ಹಗುರವಾದ ಹೈಡ್ರೋಜನ್ನನ್ನು ಮೇಲಿನ ವೆಂಟ್‌ನಿಂದ (ಅನಿಲ ಹೊರಬಿಡುವ ಕೊಳವೆ) ತಳ್ಳಬೇಕು. ಜನರೇಟರಿನ ತಿರುಗುವ ಭಾಗವಾದ ರೋಟರ್ ನಿಂತಿದ್ದರೆ ಒಳಗಿನ ಗಾತ್ರದ ಒಂದೂವರೆಯಿಂದ ಎರಡು ಪಟ್ಟು ಕಾರ್ಬನ್ ಡೈಆಕ್ಸೈಡ್ ಬೇಕಾಗುತ್ತದೆ. ತಿರುಗುತ್ತಿದ್ದರೆ ಎರಡೂ ಬೆರೆತು ಇನ್ನೂ ಹೆಚ್ಚು. ಹೀಟರ್ ಇಲ್ಲದೆ ಅದರ ಸಿಲಿಂಡರ್ ಬಿಟ್ಟರೆ ಪೈಪಿನಲ್ಲಿ ಒಣ ಮಂಜುಗಡ್ಡೆ (ಡ್ರೈ ಐಸ್) ಕಟ್ಟಿ ಹರಿವು ಸದ್ದಿಲ್ಲದೆ ನಿಲ್ಲುತ್ತದೆ. ಹೈಡ್ರೋಜನ್ ಪೂರ್ತಿ ಹೋಗುವ ತನಕ, ಅದು ಸೋರದಂತೆ ಸೀಲ್‌ಗೆ ಎಣ್ಣೆ ಒದಗಿಸುವ ಸೀಲ್ ಆಯಿಲ್ ಪಂಪ್ ನಿಲ್ಲಿಸಬಾರದು, ಎಣ್ಣೆ ಟ್ಯಾಂಕಿನ ಅನಿಲ ಎಳೆಯುವ ಫ್ಯಾನ್ ಕೂಡ.

ಜನ ಎಡವುವುದು ಮೀಟರ್ ವಿಷಯದಲ್ಲಿ. ಕೈಯಲ್ಲಿ ಹಿಡಿಯುವ ಮಾಮೂಲಿ ಡಿಟೆಕ್ಟರ್‌ಗಳಲ್ಲಿ ಬಹಳಷ್ಟು, ಅನಿಲವನ್ನು ಒಂದು ಬಿಸಿ ಮಣಿಯ ಮೇಲೆ ಸುಟ್ಟು ಅಳೆಯುತ್ತವೆ. ಸುಡಲು ಆಮ್ಲಜನಕ ಬೇಕು. ಕಾರ್ಬನ್ ಡೈಆಕ್ಸೈಡ್ ತುಂಬಿದ ಕಡೆ ಹೈಡ್ರೋಜನ್ ಇದ್ದರೂ ಇಂಥ ಡಿಟೆಕ್ಟರ್ ಸೊನ್ನೆಯನ್ನೇ ತೋರಿಸಬಹುದು! ಅಲ್ಲಿ ಬೇಕಾದದ್ದು ಉಷ್ಣವಾಹಕತೆ ನೋಡಿ ಅಳೆಯುವ ಅನಲೈಸರ್. ಅದರಲ್ಲೂ ಸ್ಕೇಲ್ ಮೂರು: ಗಾಳಿಯಲ್ಲಿ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್‌ನಲ್ಲಿ ಹೈಡ್ರೋಜನ್, ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್. ಸ್ವಿಚ್ ತಪ್ಪು ಸ್ಕೇಲ್‌ನಲ್ಲಿದ್ದರೆ ಓದಿದ ಅಂಕಿಗೆ ಅರ್ಥವೇ ಇಲ್ಲ. ಟರ್ಮಿನಲ್ ಬಾಕ್ಸ್, ಗ್ಯಾಸ್ ಡ್ರೈಯರ್, ಕೂಲರ್‌ಗಳ ಮೇಲ್ಭಾಗ, ಇಂಥ ಮೂಲೆಗಳಲ್ಲಿ ಅನಿಲ ಉಳಿದುಬಿಡುತ್ತದೆ. ಅವುಗಳ ವೆಂಟ್ ಬೇರೆಯಾಗಿ ತೆರೆದು ಬೇರೆಯಾಗಿಯೇ ಅಳೆಯಿರಿ.

ಹೈಡ್ರೋಜನ್ ಬರುವ ಪೈಪಿಗೆ ವಾಲ್ವ್ ಮುಚ್ಚಿ ಬೀಗ ಹಾಕಿದರೆ ಸಾಲದು, ಏಕೆಂದರೆ ಮುಚ್ಚಿದ ವಾಲ್ವ್ ಒಳಗೇ ಸೋರಬಹುದು. ನಡುವಿನ ಪೈಪ್ ತುಂಡನ್ನೇ ಬಿಚ್ಚಿ ತೆಗೆದು, ಎರಡೂ ತುದಿಗೆ ಬ್ಲೈಂಡ್ (ಪೂರ್ತಿ ಮುಚ್ಚುವ ತಟ್ಟೆ) ಹಾಕುವುದೇ ಸರಿ. ವೆಲ್ಡಿಂಗ್, ಗ್ರೈಂಡಿಂಗ್ ಪರ್ಮಿಟ್ ಅದಾದ ಮೇಲೆ.

ಕೊನೆಗೆ ಗಾಳಿ ಬಿಟ್ಟು ಕಾರ್ಬನ್ ಡೈಆಕ್ಸೈಡನ್ನೂ ಹೊರಹಾಕಬೇಕು, ಈ ಸಲ ಮೇಲಿನಿಂದ ಕೆಳಕ್ಕೆ. ಅದು ಗಾಳಿಗಿಂತ ಒಂದೂವರೆ ಪಟ್ಟು ಭಾರ, ತಗ್ಗಿನಲ್ಲಿ ನಿಲ್ಲುತ್ತದೆ. ಆಮ್ಲಜನಕ ಕನಿಷ್ಠ ಶೇ. 19.5 ಇದೆಯೇ, ಕಾರ್ಬನ್ ಡೈಆಕ್ಸೈಡ್ ಎಷ್ಟಿದೆ ಎಂದು ತಳದಲ್ಲೇ ಅಳೆಯದೆ ಯಾರನ್ನೂ ಒಳಗೆ ಇಳಿಸಬೇಡಿ, ಜನರೇಟರ್ ಕೆಳಗಿನ ಗುಂಡಿಗೂ ಕೂಡ.